ಜೋಪಾನವೂ ಒಂದು ದುಡಿಮೆ

ಸೋಲೂರಿನ ನಮ್ಮ ಮನೆಯಂಗಳದಲ್ಲಿ ಒಂದು ಚಪ್ಪಡಿ ಕಲ್ಲಿದೆ. ಸಂಜೆ ಹೊತ್ತು ಮೊಮ್ಮಕ್ಕಳು ಅದರ ಮೇಲೆ ಆಡುತ್ತವೆ, ಅವರೆಕಾಯಿ ಸುಲಿಯಲು ನಾನೂ ಅಲ್ಲೇ ಕೂರುತ್ತೇನೆ. ಅದರ ಕೆಳಗೆ ಏನಿದೆ ಎಂದು ಈಗಿನವರು ಯಾರೂ ಕೇಳುವುದಿಲ್ಲ. ಅದು ಹಗೇವಿನ, ಅಂದರೆ ನೆಲದೊಳಗಿನ ಕಣಜದ ಬಾಯಿ. 1979ರಲ್ಲಿ ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಆ ಕಲ್ಲಿನ ಕೆಳಗೆ ನಾಲ್ಕು ಸುಗ್ಗಿಯ ಹಿಂದಿನ ರಾಗಿ ಇತ್ತು. ಹೊಸ ರಾಗಿ ಮನೆ ತುಂಬಿರುವಾಗ ಹಳೆಯದನ್ನು ನೆಲದೊಳಗೆ ಹೂತು ಯಾಕೆ ಕಾಯುತ್ತಾರೆ ಎಂದು ನನಗೆ ಅರ್ಥವಾಗಲಿಲ್ಲ. ಕೇಳಿದ್ದಕ್ಕೆ ಅತ್ತೆ ಹೇಳಿದರು: "ಮಳೆ ನಮ್ಮ ಮಾತು ಕೇಳಲ್ಲ ಕಣವ್ವ. ನಾವೇ ಮಳೆ ಬುದ್ಧಿ ತಿಳ್ಕಂಡು ಇಟ್ಕಬೇಕು."

ಆ ಮಾತಿನ ಹಿಂದೆ ಒಂದು ನೆನಪಿತ್ತು. ಅವರ ಅಜ್ಜಿ ತಮ್ಮ ಹಿರಿಯರಿಂದ ಕೇಳಿದ್ದ ಧಾತು–ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 78ರವರೆಗಿನ ಕ್ಷಾಮ. ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನ ಆಗ ಸತ್ತರು. ನಾನು ಕಂಡದ್ದು ಅದಕ್ಕಿಂತ ಚಿಕ್ಕ ಕಷ್ಟ. 1965–66ರಲ್ಲಿ ಮಳೆ ಕೈಕೊಟ್ಟಾಗ ನನಗೆ ಏಳೆಂಟು ವರ್ಷ. ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ದೇಶವನ್ನು ಕೇಳಿಕೊಂಡಿದ್ದರು. ಸೋಮವಾರ ರಾತ್ರಿ ನಮ್ಮವ್ವ ಒಲೆ ಹಚ್ಚುತ್ತಿರಲಿಲ್ಲ. ಒಲೆ ತಣ್ಣಗಿರುವ ರಾತ್ರಿ ಹೇಗಿರುತ್ತದೆ ಎಂದು ಕಂಡವರಿಗೆ ಡಬ್ಬಿಯ ತಳ ನೋಡಿದರೆ ನಿದ್ದೆ ಬರುವುದಿಲ್ಲ.

ಇವತ್ತು ಇದಕ್ಕೆಲ್ಲ 'ಉಳಿತಾಯ' ಎನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಮಾತು ಬ್ಯಾಂಕಿನ ಪಾಸ್‌ಬುಕ್ಕಿಗೆ ಮಾತ್ರ. ಕಾಳು, ಬಟ್ಟೆ, ಪಾತ್ರೆ, ಎಣ್ಣೆಯ ವಿಷಯಕ್ಕೆ ಬಂದರೆ ಅತ್ತೆ ಬಳಸುತ್ತಿದ್ದ ಮಾತು 'ಜೋಪಾನ'. ಜಿಪುಣನಾದವನು ಖರ್ಚು ಮಾಡಬೇಕಾದ ಕಡೆಯೂ ಕೈ ಹಿಡಿಯುತ್ತಾನೆ. ಜೋಪಾನ ಮಾಡುವವರು ಹೊತ್ತಿಗೆ ಸರಿಯಾಗಿ ಕೈ ಹಾಕುತ್ತಾರೆ. ಹೊಲಿಗೆ ಬಿಟ್ಟ ದಿನವೇ ಸೂಜಿ ತೆಗೆಯುವುದು, ಬಿಸಿಲಿರುವಾಗಲೇ ಕಾಳು ಒಣಗಿಸುವುದು, ಇಷ್ಟೇ ಅದರ ಗುಟ್ಟು. ನಲವತ್ತಾರು ವರ್ಷ ಸಂಸಾರ ಮಾಡಿ, ಅದರಲ್ಲಿ ನಲವತ್ತು ವರ್ಷ ಹೊಲಿಗೆ ಮಷಿನ್ ತುಳಿದು ನಾನು ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ನೆಲದೊಳಗಿನ ಕಣಜ

ಸೋಲೂರು ಮಾಗಡಿ ಸೀಮೆಯ ಹೋಬಳಿ ಕೇಂದ್ರ. ಉತ್ತರಕ್ಕೆ ಶಿವಗಂಗೆ, ದಕ್ಷಿಣಕ್ಕೆ ಮಾಗಡಿ, ಅದರಾಚೆ ಸಾವನದುರ್ಗ. ಬೆಂಗಳೂರು–ಮಂಗಳೂರು ಹೆದ್ದಾರಿ ಊರ ಮಗ್ಗುಲಲ್ಲೇ ಹಾದುಹೋಗುತ್ತದೆ, 2017ರಿಂದ ಹಾಸನದ ರೈಲೂ ಓಡುತ್ತಿದೆ. ಆದರೆ ಹೊಲಕ್ಕಿಳಿದರೆ ಇದು ಕೆಂಪು ಮಣ್ಣಿನ ರಾಗಿ ಸೀಮೆಯೇ. ಹಗೇವಿಗೆ ಹೇಳಿ ಮಾಡಿಸಿದ ನೆಲ. ನೀರು ನಿಲ್ಲದ ದಿಣ್ಣೆಯಲ್ಲಿ, ಗಟ್ಟಿ ಮಣ್ಣಿನಲ್ಲಿ, ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿ ಕೊಡದ ಆಕಾರದಲ್ಲಿ ಗುಂಡಿ ತೋಡುತ್ತಿದ್ದರು. ಒಳಗೆ ಒಣಹುಲ್ಲು ಹಾಸಿ, ಚೆನ್ನಾಗಿ ಒಣಗಿದ ರಾಗಿ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. 1800ರಲ್ಲಿ ಮೈಸೂರು ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯ ಮಾಗಡಿ ಕಡೆಗೂ ಬಂದಿದ್ದ. ನಮ್ಮ ಜನ ಹಗೇವಿನಲ್ಲಿ ರಾಗಿ ಇಡುವುದನ್ನು ಅವನೂ ಬರೆದಿಟ್ಟಿದ್ದಾನೆ.

ಮಣ್ಣೊಳಗೆ ರಾಗಿ ಕೆಡದೆ ಉಳಿಯುವುದು ಹೇಗೆ? ಕಾಳು ಒಣಗಿದ್ದರೂ ಅದಕ್ಕೆ ಜೀವವಿರುತ್ತದೆ, ಉಸಿರಾಡುತ್ತದೆ. ಬಾಯಿ ಮುಚ್ಚಿದ ಗುಂಡಿಯಲ್ಲಿ ಇರುವ ಆಮ್ಲಜನಕವನ್ನು ಕಾಳೂ ಹುಳವೂ ಸೇರಿ ತೀರಿಸುತ್ತವೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳ ಉಸಿರಿಲ್ಲದೆ ಸಾಯುತ್ತದೆ, ಕಾಳು ಉಳಿಯುತ್ತದೆ. ರಾಗಿಯ ಕಾಳು ಸಣ್ಣದು, ಸಿಪ್ಪೆ ಗಟ್ಟಿ, ಜಿಡ್ಡು ಕಡಿಮೆ. ಹಾಗಾಗಿ ಭತ್ತ, ಜೋಳಕ್ಕಿಂತ ಅದಕ್ಕೆ ಬಾಳಿಕೆ ಹೆಚ್ಚು.

ಅದೇ ಗಾಳಿ ಮನುಷ್ಯನಿಗೂ ಮೃತ್ಯು. ಹಗೇವು ತೆಗೆಯುವ ದಿನ ಮಾವ ಬೆಳಗ್ಗೆಯೇ ಕಲ್ಲು ಸರಿಸಿ ಬಾಯಿ ತೆರೆದಿಡುತ್ತಿದ್ದರು. ಮಧ್ಯಾಹ್ನದ ಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ನಂದಿದರೆ ಅವತ್ತು ಯಾರೂ ಇಳಿಯುವಂತಿಲ್ಲ. ಆತುರಪಟ್ಟು ಇಳಿದು ಜೀವ ಕಳೆದುಕೊಂಡವರ ಕಥೆಗಳು ರಾಗಿ ಸೀಮೆಯಲ್ಲಿ ಬೇಕಾದಷ್ಟಿವೆ. ಹಳೆಯ ಮನೆಯಲ್ಲಿ ಹಗೇವು ಸಿಕ್ಕಿತೆಂದು ಕುತೂಹಲಕ್ಕೆ ಒಳಗೆ ಇಳಿಯಬೇಡಿ.

ಪಡಿತರದ ಅಕ್ಕಿ ಬಂದಮೇಲೆ, ಅದರಲ್ಲೂ 2013ರಲ್ಲಿ ಅನ್ನಭಾಗ್ಯ ಶುರುವಾದ ಮೇಲೆ, ಹಗೇವು ತುಂಬುವ ಅಗತ್ಯ ಯಾರಿಗೂ ಬೀಳಲಿಲ್ಲ. ಅದು ತಪ್ಪೇನಲ್ಲ, ಹಸಿವು ನೀಗಿತಲ್ಲ. ಆದರೆ ಹಗೇವಿನ ಬುದ್ಧಿ ಸತ್ತಿಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಜ್ಞಾನಿಗಳು ಆಫ್ರಿಕಾದ ಅಲಸಂದೆ ಬೆಳೆಗಾರರಿಗಾಗಿ ಮೂರು ಪದರದ ಚೀಲ ಮಾಡಿಕೊಟ್ಟಿದ್ದಾರೆ. ಗಾಳಿಯಾಡದಂತೆ ಬಾಯಿ ಕಟ್ಟಿದರೆ ಔಷಧಿ ಹಾಕದೆಯೇ ಹುಳ ಸಾಯುತ್ತದೆ. ನಮ್ಮ ಮನೆಯಲ್ಲಿ ಈಗ ನೀಲಿ ಡ್ರಮ್ಮು ಅದೇ ಕೆಲಸ ಮಾಡುತ್ತದೆ. ಕಂಠಮಟ್ಟ ತುಂಬಿ ಮುಚ್ಚಳ ಬಿಗಿ ಮಾಡುತ್ತೇನೆ. ಅರ್ಧ ತುಂಬಿದ ಡ್ರಮ್ಮಿನಲ್ಲಿ ಮಿಕ್ಕರ್ಧ ಇರುವುದು ಹುಳಕ್ಕೆ ಬೇಕಾದ ಗಾಳಿ. ಹಾಗಾಗಿ ರಾಗಿ ಕಡಿಮೆಯಾದ ಹಾಗೆ ಚಿಕ್ಕ ಡಬ್ಬಿಗೆ ಬಗ್ಗಿಸುತ್ತಾ ಹೋಗುತ್ತೇನೆ.

ಎಷ್ಟು ಇಡಬೇಕು? ಲೆಕ್ಕ ಸುಲಭ. ಒಂದು ಮುದ್ದೆಗೆ ನೂರು ಗ್ರಾಂ ಹಿಟ್ಟು ಎಂದುಕೊಳ್ಳಿ. ನಾಲ್ಕು ಜನ, ತಲೆಗೆ ದಿನಕ್ಕೊಂದು ಮುದ್ದೆ. ವರ್ಷಕ್ಕೆ 146 ಕೆಜಿ, ಒಂದೂವರೆ ಕ್ವಿಂಟಲ್ ಸಾಕು. 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಆ ದರದಲ್ಲಿ ನಾಲ್ಕು ಜನರ ವರ್ಷದ ಮುದ್ದೆ ಏಳು ಸಾವಿರ ಚಿಲ್ಲರೆಗೆ ಮುಗಿಯಿತು. ಬೆಳೆದವರು ಇದನ್ನು ಎತ್ತಿಟ್ಟು ಮಿಕ್ಕದ್ದು ಮಾರಲಿ, ಕೊಳ್ಳುವವರು ಸುಗ್ಗಿ ಮುಗಿಯುತ್ತಿದ್ದಂತೆ ಕೊಳ್ಳಲಿ. ಹಿಟ್ಟು ಮಾತ್ರ ಹದಿನೈದು ದಿನಕ್ಕಾಗುವಷ್ಟೇ ಬೀಸಿಸಿ. ಬೀಸಿದ ಮೇಲೆ ಕಾಳಿನೊಳಗಿನ ಜಿಡ್ಡು ಗಾಳಿಗೆ ತೆರೆದುಕೊಂಡು ಮುಗ್ಗಲು ವಾಸನೆ ಬರುತ್ತದೆ. ಕಾಳಿಗೆ ವರ್ಷಗಳ ಆಯಸ್ಸು, ಹಿಟ್ಟಿಗೆ ದಿನಗಳದ್ದು.

ಶಿವರಾತ್ರಿಯಿಂದ ಅಶ್ವಿನಿ ಮಳೆಯವರೆಗೆ

ನಮ್ಮ ಹೊಲದಲ್ಲಿ ರಾಗಿ ಒಂದನ್ನೇ ಬಿತ್ತುತ್ತಿರಲಿಲ್ಲ. ಅಷ್ಟಷ್ಟು ಸಾಲಿಗೊಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಸಾಸಿವೆ. ಮುದ್ದೆಗೆ ರಾಗಿ, ಸಾರಿಗೆ ಅವರೆ–ತೊಗರಿ, ಚಟ್ನಿಗೆ ಹುಚ್ಚೆಳ್ಳು, ಒಗ್ಗರಣೆಗೆ ಸಾಸಿವೆ, ದನಕ್ಕೆ ಜೋಳದ ಸೆಪ್ಪೆ. ಅಡುಗೆಮನೆಗೆ ಏನು ಬೇಕೆಂದು ಬಿತ್ತುವ ದಿನವೇ ತೀರ್ಮಾನವಾಗುತ್ತಿತ್ತು. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತಿತ್ತು.

ಮಾಗಡಿ ಅವರೆಗೆ ಬೆಂಗಳೂರಿನಲ್ಲಿ ಹೆಸರಿರುವುದು ಅದರ ಸೊಗಡಿಗೆ. ಇಬ್ಬನಿ ಬೀಳುವ ಮಾರ್ಗಶಿರ–ಪುಷ್ಯದಲ್ಲಿ ಹಸಿಕಾಯಿ ತಿಂದು ತಣಿಯುವುದು ಸರಿಯೇ. ಆದರೆ ಬಲಿತು ಒಣಗಿದ ಕಾಳೇ ಮನೆಯನ್ನು ಮುಂದಿನ ಚಳಿಗಾಲದವರೆಗೆ ಸಾಕುವುದು. ಅದಕ್ಕೆ ದೊಡ್ಡ ಶತ್ರು ಕಾಳು ಕೊರೆಯುವ ಹುಳ. ಕಾಳಿನ ಮೈಮೇಲೆ ಮೊಟ್ಟೆ ಅಂಟಿಸುತ್ತದೆ, ಮರಿ ಒಳಗೆ ಕೊರೆದು ತಿಂದು ಬೆಳೆಯುತ್ತದೆ, ಸುಮಾರು ಒಂದು ತಿಂಗಳಲ್ಲಿ ದುಂಡಗೆ ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಕಾಣುವ ಹೊತ್ತಿಗೆ ಕಾಳಿನಲ್ಲಿ ಹೊಟ್ಟು ಬಿಟ್ಟು ಏನೂ ಇರುವುದಿಲ್ಲ.

ಇದಕ್ಕೆ ಅತ್ತೆ ಮಾಡುತ್ತಿದ್ದ ಉಪಾಯವನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಕೆಮ್ಮಣ್ಣನ್ನು ಜರಡಿ ಹಿಡಿದು, ನೀರು ಹಾಕಿ ಗಟ್ಟಿ ಮಜ್ಜಿಗೆಯಷ್ಟು ಮಂದ ಮಾಡುತ್ತೇನೆ. ಕಾಳಿಗೆ ಸುರಿದು ಎರಡೂ ಕೈಯಲ್ಲಿ ತೀಡುತ್ತೇನೆ. ಒಂದು ಕಾಳೂ ಬಿಳಿದಾಗಿ ಕಾಣಬಾರದು. ರಾತ್ರಿ ಗುಡ್ಡೆ ಹಾಕಿಟ್ಟು ಮಾರನೇ ದಿನ ಬಿಸಿಲಿಗೆ ಹರವುತ್ತೇನೆ. ಎರಡು ಮೂರು ಬಿಸಿಲು ಕಂಡಮೇಲೆ ಒಂದು ಕಾಳನ್ನು ಹಲ್ಲಿಗಿಟ್ಟು ಕಚ್ಚುತ್ತೇನೆ. ಕಟಕ್ಕೆಂದು ಮುರಿಯಬೇಕು, ನೆಗ್ಗಬಾರದು. ಮಣ್ಣಿನ ಪದರ ಮೊಟ್ಟೆ ಅಂಟದಂತೆ ತಡೆಯುತ್ತದೆ. ಬೇಯಿಸುವ ದಿನ ತೊಳೆದರೆ ಮಣ್ಣು ಹೋಗುತ್ತದೆ. ಮಣ್ಣಿನ ಕೆಲಸ ಆಗದವರು ತೊಗರಿ, ಹೆಸರಿಗೆ ಹರಳೆಣ್ಣೆ ಕೈ ಸವರಬಹುದು. ಬಿಸಿಲಿನಿಂದ ತಂದ ಕಾಳನ್ನು ಬಿಸಿಬಿಸಿಯಾಗಿ ಡಬ್ಬಿಗೆ ತುಂಬಬೇಡಿ. ಒಳಗೆ ಬೆವರಿ ಮುಗ್ಗು ಹಿಡಿಯುತ್ತದೆ. ರಾತ್ರಿ ಆರಲು ಬಿಟ್ಟು ಬೆಳಗ್ಗೆ ತುಂಬಿ.

ಈ ಎಲ್ಲಕ್ಕೂ ಸಿಗುವ ಕಾಲ ಬಹಳ ಕಡಿಮೆ. ಶಿವರಾತ್ರಿಗೆ ಚಳಿ ಹೋಗುತ್ತದೆ. ಏಪ್ರಿಲ್ ನಡುವಿಗೆ ಅಶ್ವಿನಿ ಮಳೆ, ಅದರ ಬೆನ್ನಿಗೆ ಭರಣಿ. ನಡುವೆ ಇರುವ ಏಳೆಂಟು ವಾರದ ಬಿಸಿಲಿನಲ್ಲೇ ಸಂಡಿಗೆ, ಹಪ್ಪಳ, ಬಾಳಕ, ಒಣಮೆಣಸಿನಕಾಯಿ, ಹುಣಸೆಹಣ್ಣು ಎಲ್ಲ ಆಗಬೇಕು. ಹುಣಸೆ ಬಿಡಿಸಿ, ಬೀಜ ತೆಗೆದು, ಬಿಸಿಲು ಕಾಣಿಸಿ, ಪದರ ಪದರಕ್ಕೆ ಕಲ್ಲುಪ್ಪು ಹಾಕಿ ಪಿಂಗಾಣಿ ಜಾಡಿಗೆ ಒತ್ತುತ್ತೇನೆ. ಹುಳಿ ಲೋಹವನ್ನು ತಿನ್ನುವುದರಿಂದ ಅದಕ್ಕೆ ಸ್ಟೀಲು, ಅಲ್ಯುಮಿನಿಯಂ ಡಬ್ಬಿ ಬೇಡ. ಹಲಸಿನ ಕಾಲ ಬಂದಾಗ ಬೀಜಕ್ಕೂ ಕೆಮ್ಮಣ್ಣು ತೀಡಿ ನೆರಳಲ್ಲಿಟ್ಟರೆ ಮಳೆಗಾಲದ ಸಾರಿಗೆ ಆಗುತ್ತದೆ. ಬಿಸಿಲಿಗೆ ಯಾರೂ ಬಿಲ್ಲು ಕಳಿಸುವುದಿಲ್ಲ. ಇಷ್ಟು ದೊಡ್ಡ ಫ್ರಿಜ್ಜನ್ನು ದೇವರು ತಲೆ ಮೇಲೆ ಇಟ್ಟಿರುವಾಗ ಬಳಸದೆ ಬಿಡುವುದು ನಷ್ಟ.

ಒಂದೇ ಪಾತ್ರೆ, ಎರಡು ಅಡುಗೆ

ನಮ್ಮ ಸೀಮೆಯ ಜೋಪಾನವನ್ನು ಒಂದೇ ಅಡುಗೆಯಲ್ಲಿ ತೋರಿಸು ಎಂದರೆ ನಾನು ಬಸ್ಸಾರು ಮಾಡಿ ಬಡಿಸುತ್ತೇನೆ. ಹೊಲದ ಬದುವಿನಲ್ಲಿ ಸಿಗುವ ಸೊಪ್ಪು, ಒಂದು ಹಿಡಿ ಹುರುಳಿ ಅಥವಾ ಅವರೆ. ಎರಡನ್ನೂ ಬೇಯಿಸಿ ನೀರು ಬಸಿಯುತ್ತೇವೆ. ಆ ಬಸಿದ ಕಟ್ಟಿಗೆ ಹುರಿದ ಖಾರ, ಬೆಳ್ಳುಳ್ಳಿ, ಹುಣಸೆ ರುಬ್ಬಿ ಹಾಕಿದರೆ ಸಾರು. ಬಸಿದುಳಿದ ಸೊಪ್ಪು–ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಉರಿ, ಒಂದು ಪಾತ್ರೆ, ಎರಡು ಅಡುಗೆ. ತರಕಾರಿ ಬೇಯಿಸಿದ ನೀರನ್ನು ಚೆಲ್ಲಿದರೆ ಅದರ ಸತ್ವವೂ ಚೆಲ್ಲಿಹೋಯಿತು ಎಂದು ಪುಸ್ತಕದವರು ಹೇಳುವುದಕ್ಕೆ ಮುಂಚೆಯೇ ನಮ್ಮ ಹೆಂಗಸರು ಆ ನೀರಿನಿಂದ ಊಟ ಮಾಡಿಟ್ಟಿದ್ದರು.

ಮಿಕ್ಕ ಮುದ್ದೆಯನ್ನು ಬೆಳಗ್ಗೆ ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ, ಉಪ್ಪು ಹಾಕಿ ಕುಡಿದು ಹೊಲಕ್ಕೆ ಹೋದರೆ ಹನ್ನೊಂದು ಗಂಟೆಯವರೆಗೆ ಹಸಿವಿಲ್ಲ. ರಾತ್ರಿಯ ಅನ್ನವನ್ನು ರಾಗಿ ಹಿಟ್ಟಿಗೆ ಕಲಸಿ ರೊಟ್ಟಿ ತಟ್ಟಿದರೆ ರೊಟ್ಟಿ ಮೆತ್ತಗೆ ಬರುತ್ತದೆ. ಆದರೆ ಹಳಸಿದ್ದನ್ನು ತಿನ್ನಬಾರದು. ವಾಸನೆ ಬಂದದ್ದು, ನೂಲೆಳೆಯುವುದು ದನಕ್ಕೂ ಬೇಡ, ತಿಪ್ಪೆಗೆ. ಕೆಟ್ಟದ್ದು ತಿಂದು ಡಾಕ್ಟರಿಗೆ ಕೊಡುವ ಸಂಸಾರ ಜೋಪಾನದ ಸಂಸಾರವಲ್ಲ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಒಂದು ಅಂದಾಜು ಕೊಟ್ಟಿದೆ. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ ಸುಮಾರು 55 ಕೆಜಿ ಆಹಾರ ಕಸಕ್ಕೆ ಹೋಗುತ್ತದೆ, ಸಿಪ್ಪೆ, ಮೂಳೆಯೂ ಸೇರಿ. ನಾಲ್ಕು ಜನರ ಮನೆಗೆ 220 ಕೆಜಿ. ಮೇಲೆ ಹೇಳಿದ ವರ್ಷದ ರಾಗಿಯ ಲೆಕ್ಕ 146 ಕೆಜಿ. ಮನೆಯೊಳಗೆ ಎತ್ತಿಡುವುದಕ್ಕಿಂತ ಹೊರಗೆ ಎಸೆಯುವ ತೂಕ ಹೆಚ್ಚಾಯಿತು ಎಂದರೆ ಸಂಪಾದನೆ ಎಷ್ಟಿದ್ದು ಏನು?

ಸೂಜಿಗೆ ದಾರ

1984ರಲ್ಲಿ ಚೀಟಿ ಎತ್ತಿದ ದುಡ್ಡಿನಲ್ಲಿ ಒಂದು ಹಳೆಯ ಪೆಡಲ್ ಮಷಿನ್ ಕೊಂಡೆ. ಊರಿನ ರವಿಕೆ, ಲಂಗ, ಯೂನಿಫಾರಂ ಹೊಲಿದು ಇಬ್ಬರು ಮಕ್ಕಳ ಓದಿಗೆ ಹೆಗಲು ಕೊಟ್ಟೆ. ಹೊಸ ಬಟ್ಟೆ ಹೊಲಿದದ್ದಕ್ಕಿಂತ ಹಳೆಯದನ್ನು ಸರಿಮಾಡಿದ್ದೇ ಹೆಚ್ಚು. ಆಗ ಒಂದು ಸೀರೆಗೆ ಏಳು ಜನ್ಮ. ಮೊದಲು ಹಬ್ಬದ ಸೀರೆ, ಆಮೇಲೆ ನಿತ್ಯದ ಸೀರೆ. ನಡುವೆ ನವೆದರೆ ಉದ್ದಕ್ಕೆ ಕತ್ತರಿಸಿ, ಗಟ್ಟಿಯಿರುವ ಅಂಚುಗಳನ್ನು ನಡುವಿಗೆ ತಂದು ಕೂಡಿಸಿ ಹೊಲಿದರೆ ಮನೆಯೊಳಗೆ ಉಡಲು ಇನ್ನೊಂದು ವರ್ಷ. ಆಮೇಲೆ ಮಗುವಿಗೆ ಜೋಲಿ, ಹೆಣ್ಣುಮಕ್ಕಳಿಗೆ ಒಳಲಂಗ, ಚೂರುಪಾರು ಸೇರಿಸಿ ಬೊಂತೆ. ಕೊನೆಗೆ ಮಸಿಬಟ್ಟೆ.

ಬೊಂತೆಯನ್ನು ಉತ್ತರ ಕರ್ನಾಟಕದವರು ಕೌದಿ ಎನ್ನುತ್ತಾರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳದ್ದು ಕವಂದಿ. ಅವರು ಒಂದು ಮೂಲೆಯಿಂದ ಶುರುಮಾಡಿ ಸುತ್ತಲೂ ಹೊಲಿಯುತ್ತಾ ನಡುವಿಗೆ ಬಂದು ಮುಟ್ಟುತ್ತಾರೆ. ನಾಲ್ಕು ಮೂಲೆಗೂ ಬಣ್ಣದ ಚೂರಿನಲ್ಲಿ 'ಫೂಲ' ಇಟ್ಟ ಮೇಲೆಯೇ ಕವಂದಿ ಪೂರ್ತಿಯಾದಂತೆ, ಇಲ್ಲದಿದ್ದರೆ ಅದು ಬೆತ್ತಲೆ ಎನ್ನುತ್ತಾರೆ. ಹಳೇ ಬಟ್ಟೆಗೆ ಕೊಡುವ ಮರ್ಯಾದೆ ಎಂದರೆ ಅದು. ಇವತ್ತು ಆ ಕವಂದಿಗಳನ್ನು ಹೊರದೇಶದವರೂ ಗೋಡೆಗೆ ತೂಗುಹಾಕಿ ನೋಡುತ್ತಾರೆ.

ತೇಪೆ ಹಾಕುವುದು ಕಲಿಯಬೇಕಾದ ಕೆಲಸ. ನನ್ನ ಹತ್ತಿರ ಬಂದ ಹುಡುಗಿಯರಿಗೆ ನಾನು ಮೊದಲು ಹೇಳುತ್ತಿದ್ದದ್ದು, ಹಳೇ ಬಟ್ಟೆಗೆ ಹೊಸ ಬಟ್ಟೆಯ ತೇಪೆ ಹಾಕಬೇಡಿ ಎಂದು. ಹೊಸದು ಒಗೆದಾಗ ಕುಗ್ಗುತ್ತದೆ, ಕುಗ್ಗುವಾಗ ಸುತ್ತಲ ಹಳೇ ಬಟ್ಟೆಯನ್ನು ಎಳೆದು ಇನ್ನೊಂದು ಹರಕು ಮಾಡುತ್ತದೆ. ಅದಕ್ಕೇ ಕತ್ತರಿಸಿದ ಪ್ಯಾಂಟಿನ ಕಾಲು, ಹಳೇ ಅಂಗಿಯ ಬೆನ್ನು ಎತ್ತಿಡಬೇಕು. ತೇಪೆಯ ನೂಲು ಬಟ್ಟೆಯ ನೂಲಿನ ದಿಕ್ಕಿಗೇ ಕೂರಬೇಕು. ಮೂಲೆಗಳನ್ನು ದುಂಡಗೆ ಕತ್ತರಿಸಬೇಕು, ಚೂಪು ಮೂಲೆ ಬೇಗ ಎದ್ದುಬರುತ್ತದೆ. ಹೊಲಿಗೆ ತೂತಿನ ಅಂಚಿಗೆ ನಿಲ್ಲದೆ ನವೆದ ಜಾಗ ದಾಟಿ ಗಟ್ಟಿ ಬಟ್ಟೆಯವರೆಗೆ ಹೋಗಬೇಕು. ಹತ್ತಿಗೆ ಹತ್ತಿಯ ದಾರವನ್ನೇ ಹಾಕಿ. ದಾರ ಬಟ್ಟೆಗಿಂತ ಗಟ್ಟಿಯಾದರೆ ಮುಂದಿನ ಸಲ ಕಿತ್ತುಬರುವುದು ದಾರವಲ್ಲ, ಬಟ್ಟೆ.

ದಪ್ಪ ಬಟ್ಟೆಗೆ ಗುಂಡಿ ಹೊಲಿಯುವಾಗ ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಇಟ್ಟು ಹೊಲಿಯಿರಿ. ಆಮೇಲೆ ಕಡ್ಡಿ ಎಳೆದು, ಸಿಕ್ಕ ಸಡಿಲಕ್ಕೆ ಗುಂಡಿಯ ಕೆಳಗೆ ದಾರ ನಾಲ್ಕು ಸುತ್ತು ಸುತ್ತಿ ಗಂಟು ಹಾಕಿ. ಆ ಗುಂಡಿ ಬೇಗ ಬೀಳುವುದಿಲ್ಲ. ಮಕ್ಕಳ ಯೂನಿಫಾರಂ ಲಂಗಕ್ಕೆ ಮೂರು ಇಂಚು ಒಳಮಡಿಕೆ ಬಿಡಿಸಿ. ವರ್ಷಕ್ಕೊಂದು ಇಂಚು ಬಿಚ್ಚಿದರೆ ಮೂರು ವರ್ಷ ಬಂತು. ಮಷಿನ್ ಇದ್ದವರು ಸೂಜಿಯ ನಂಬರು ನೋಡಿ ಹಾಕಿ. ತೆಳು ಬಟ್ಟೆಗೆ 11, ಮಾಮೂಲಿ ಹತ್ತಿಗೆ 14, ದಪ್ಪಕ್ಕೆ 16. ಹೊಲಿಗೆ ಮುಗಿದ ಮೇಲೆ ತಟ್ಟೆ ತೆಗೆದು ಒಳಗಿನ ಹಿಂಜಲು ಗುಡಿಸಿ, ಎರಡು ತೊಟ್ಟು ಎಣ್ಣೆ ಬಿಡಿ. ನನ್ನ ಮಷಿನ್ ನಲವತ್ತು ವರ್ಷ ದಾಟಿಯೂ ಓಡುತ್ತಿರುವುದು ಆ ಎರಡು ತೊಟ್ಟಿನಿಂದ.

ಹೋದ ವರ್ಷ ಮೊಮ್ಮಗಳು ಶಾಲೆಯ ಬ್ಯಾಗು ತಂದು, "ಅಜ್ಜಿ, ಜಿಪ್ ಹೋಯ್ತು, ಹೊಸದು ಕೊಡಿಸು" ಎಂದಳು. ಜಿಪ್ಪಿನ ಹಲ್ಲು ಚೆನ್ನಾಗಿತ್ತು, ಎಳೆಯುವ ರನ್ನರ್ ಮಾತ್ರ ಸವೆದಿತ್ತು. ಅವಳ ಕೈಯಲ್ಲೇ ಹಳೇ ರನ್ನರ್ ತೆಗೆಸಿ, ಹತ್ತು ರೂಪಾಯಿಯ ಹೊಸದು ಹಾಕಿಸಿ, ತುದಿಗೆ ನಾಲ್ಕು ಹೊಲಿಗೆ ಹಾಕಿಸಿದೆ. ಮರುದಿನ ಗೆಳತಿಯೊಬ್ಬಳ ಬ್ಯಾಗನ್ನೂ ಮನೆಗೆ ಹೊತ್ತು ತಂದಳು. ನನಗೆ ಉಳಿದ ದುಡ್ಡಿಗಿಂತ ಅದು ದೊಡ್ಡದಾಗಿ ಕಂಡಿತು.

ಅಗ್ಗದ ಮೂಟೆ ಕಲಿಸಿದ್ದು

ಶೇಖರಿಸುವುದೆಲ್ಲ ಜೋಪಾನವಲ್ಲ. ಒಂದು ಸಲ ಬೆಂಗಳೂರಿನ ದೊಡ್ಡ ಅಂಗಡಿಯೊಂದರಲ್ಲಿ ಒಂದು ಕೊಂಡರೆ ಒಂದು ಉಚಿತ ಎಂದು ಬರೆದಿತ್ತು. ಆಷಾಢ ಮಾಸ, ಹೊರಗೆ ಜಡಿಮಳೆ. ಹತ್ತು ಕೆಜಿ ರವೆ, ಆರು ಕೆಜಿ ಕಡಲೆಹಿಟ್ಟು ಹೊತ್ತು ತಂದೆ. ಗೌರಿ ಹಬ್ಬಕ್ಕೆ ಡಬ್ಬಿ ತೆಗೆದರೆ ರವೆ ಗೂಡುಗಟ್ಟಿ ಉಂಡೆಯಾಗಿತ್ತು, ಹಿಟ್ಟಿನಲ್ಲಿ ಕೆಂಪು ಹುಳ. ಅರ್ಧಕ್ಕಿಂತ ಹೆಚ್ಚು ತಿಪ್ಪೆಗೆ ಹೋಯಿತು. ಅದನ್ನು ಸುರಿಯುವಾಗ ಹೊಟ್ಟೆ ಉರಿಯಿತು. ತಪ್ಪು ಅಂಗಡಿಯದ್ದಲ್ಲ, ನನ್ನದು. ಕಾಲ ನೋಡಲಿಲ್ಲ, ಮನೆಯ ಹೊಟ್ಟೆ ನೋಡಲಿಲ್ಲ, ಬೆಲೆ ಒಂದನ್ನೇ ನೋಡಿದೆ.

ಅವತ್ತಿನಿಂದ ನಾನು ಪಾಲಿಸುವ ಕಟ್ಟಳೆ ಇಷ್ಟು. ಇಡೀ ಕಾಳಾದರೆ ವರ್ಷಕ್ಕೆ, ಬೇಳೆಯಾದರೆ ಮೂರು ತಿಂಗಳಿಗೆ, ಹಿಟ್ಟು–ರವೆಯಾದರೆ ಹದಿನೈದು ದಿನಕ್ಕೆ. ರವೆ ಹೆಚ್ಚಾಗಿ ತಂದರೆ ಹುರಿದು ಆರಿಸಿ ಇಡುವುದು. ಹೊಸದನ್ನು ಹಳೆಯದರ ಮೇಲೆ ಸುರಿಯುವಂತಿಲ್ಲ. ಡಬ್ಬಿ ಖಾಲಿ ಮಾಡಿ, ಒರೆಸಿ, ಬಿಸಿಲಿಗಿಟ್ಟು ಆಮೇಲೆ ತುಂಬುವುದು. ಮನೆಯವರು ಉಣ್ಣದ ಪದಾರ್ಥ ಎಷ್ಟೇ ಅಗ್ಗವಾದರೂ ತರುವಂತಿಲ್ಲ.

ಈ ಕಟ್ಟಳೆ 2020ರ ಮಾರ್ಚಿನಲ್ಲಿ ನಮ್ಮನ್ನು ಕಾದಿತು. ಮಾರ್ಚ್ 25ರಿಂದ ದೇಶಕ್ಕೆಲ್ಲ ಬೀಗ ಬಿತ್ತು. ಹೆದ್ದಾರಿಯ ಸದ್ದು ನಿಂತುಹೋಗಿ, ಹಗಲಲ್ಲೂ ಹಕ್ಕಿಯ ದನಿ ಮನೆಯೊಳಗೆ ಕೇಳುತ್ತಿತ್ತು. ಅಂಗಡಿ ಮುಂದೆ ಜನ ಸಕ್ಕರೆ–ಎಣ್ಣೆಗೆ ಮುಗಿಬಿದ್ದರು. ನಮ್ಮ ಮನೆಯಲ್ಲಿ ಆ ವರ್ಷದ ಅವರೆ, ಹುರುಳಿ, ರಾಗಿ, ಹುಣಸೆ, ಬಾಳಕ ಎಲ್ಲ ಆಗತಾನೆ ಒಣಗಿ ಒಳಗೆ ಬಂದಿದ್ದವು. ಹೊರಗೆ ಹೋಗದೆ ಐದು ವಾರ ಕಳೆದೆವು. ಕೂಲಿ ನಿಂತುಹೋದ ನೆರೆಮನೆಗೆ ಎರಡು ಮೊರ ರಾಗಿ ಅಳೆದುಕೊಟ್ಟೆ. ಎತ್ತಿಟ್ಟವರ ಕೈಯಲ್ಲಿ ಮಾತ್ರ ಕೊಡಲು ಏನಾದರೂ ಇರುತ್ತದೆ ಎಂದು ಅವತ್ತು ತಿಳಿಯಿತು. ಹೆದರಿ ಕೊಂಡು ಗುಡ್ಡೆ ಹಾಕುವುದು ನೆರೆಯವರ ಪಾಲನ್ನು ಕಸಿಯುತ್ತದೆ. ಸುಗ್ಗಿಯಲ್ಲಿ ಒಣಗಿಸಿಟ್ಟದ್ದು ಕಷ್ಟ ಬಂದಾಗ ನೆರೆಯವರಿಗೂ ಆಗುತ್ತದೆ.

ಬಡವರ ಗುಣವಲ್ಲ

ಇದೆಲ್ಲ ಬಡತನದ ದಿನಗಳ ಅಭ್ಯಾಸ, ಈಗ ಯಾಕೆ ಎನ್ನುವವರಿದ್ದಾರೆ. ಆದರೆ ಎರಡನೇ ಮಹಾಯುದ್ಧದಲ್ಲಿ ಶ್ರೀಮಂತ ಬ್ರಿಟನ್ 1941ರಲ್ಲಿ ಬಟ್ಟೆಗೂ ಪಡಿತರ ತಂದು, 1943ರಲ್ಲಿ ಹಳೆಯದನ್ನು ಸರಿಮಾಡಿ ಉಡುವುದು ಹೇಗೆಂದು ತನ್ನ ಜನಕ್ಕೆ ಸರ್ಕಾರದಿಂದಲೇ ಕೈಪಿಡಿ ಹಂಚಿತು. 2009ರಲ್ಲಿ ಆಮ್ಸ್ಟರ್‌ಡ್ಯಾಮಿನಲ್ಲಿ 'ರಿಪೇರಿ ಕೆಫೆ' ಶುರುವಾಯಿತು. ಕೆಟ್ಟ ಮಿಕ್ಸಿ, ಹರಿದ ಕೋಟು ತಂದು, ಬಲ್ಲವರ ಜೊತೆ ಕೂತು ಸರಿಮಾಡಿಕೊಂಡು ಹೋಗುವ ಜಾಗ. 2015ರಿಂದ ಬೆಂಗಳೂರಿನಲ್ಲೂ ಅದು ನಡೆದಿದೆ. ನಮ್ಮೂರಿನಲ್ಲಿ ಆ ಕೆಲಸ ಮಾಡುತ್ತಿದ್ದವರು ಬೀದಿಗೇ ಬರುತ್ತಿದ್ದರು. ತವರ–ನವಸಾಗರ ಹಿಡಿದು ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು, ಕೊಡೆ ರಿಪೇರಿಯವರು, ಒರಳು ಮುಳ್ಳು ಹೊಡೆಯುವವರು. ಅವರ ಕೂಗು ಈಗ ಕೇಳುವುದೇ ಅಪರೂಪ. ಸರಿಮಾಡಿಸುವವರು ಇದ್ದರೆ ತಾನೇ ಸರಿಮಾಡುವವರು ಉಳಿಯುವುದು? ಚಪ್ಪಲಿ ಹೊಲಿಯುವವರಿಗೆ, ರಫು ಮಾಡುವವರಿಗೆ ಕೊಡುವ ಇಪ್ಪತ್ತು ರೂಪಾಯಿಯಲ್ಲಿ ಚೌಕಾಸಿ ಮಾಡಬೇಡಿ. ಆ ದುಡ್ಡಿನಲ್ಲಿ ಒಂದು ಕಸುಬು ಬದುಕುತ್ತದೆ.

ಇನ್ನೊಂದು ಮಾತು ಮನೆಯ ಗಂಡಸರಿಗೆ. ಹೊರಗಿನಿಂದ ತಂದದ್ದನ್ನು ಸಂಪಾದನೆ ಎನ್ನುತ್ತೇವೆ, ಒಳಗೆ ಕೆಡದಂತೆ ಕಾದದ್ದಕ್ಕೆ ಹೆಸರಿಲ್ಲ. ಅತ್ತೆ ತೀಡಿದ ಕೆಮ್ಮಣ್ಣು, ಅವ್ವ ಹಾಕಿದ ತೇಪೆ ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ. ಆದರೂ ಈ ಮನೆ ಎರಡು ಬರಗಾಲ, ಎರಡು ಮದುವೆ, ಒಂದು ಆಸ್ಪತ್ರೆ ಖರ್ಚನ್ನು ಸಾಲವಿಲ್ಲದೆ ದಾಟಿದ್ದು ಆ ದುಡಿಮೆಯಿಂದ. ಅದು ಹೆಂಗಸರ ಕೆಲಸವಾಗಿ ಮಾತ್ರ ಉಳಿಯಬಾರದು. ನನ್ನ ಮಗ ಈಗ ತನ್ನ ಗುಂಡಿ ತಾನೇ ಹೊಲಿದುಕೊಳ್ಳುತ್ತಾನೆ, ಬಿಸಿಲಿಗೆ ಹಾಕಿದ ಕಾಳು ತಾನೇ ಎತ್ತುತ್ತಾನೆ.

ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದವರು ಯಾರಾದರೂ ಇದ್ದರೆ, ಮುಂದಿನ ಶಿವರಾತ್ರಿ ಕಳೆದ ಮೇಲೆ ಒಂದು ದಿನ ಅವರ ಪಕ್ಕ ಕೂತು ಒಂದೇ ಒಂದು ಕೆಲಸ ಕಲಿಯಿರಿ. ಕಾಳು ಒಣಗಿದ್ದನ್ನು ಹಲ್ಲಲ್ಲಿ ನೋಡುವುದಾಗಲಿ, ಹುಣಸೆಗೆ ಉಪ್ಪಿನ ಅಳತೆಯಾಗಲಿ, ತೇಪೆ ಹಾಕುವುದಾಗಲಿ. ಅಶ್ವಿನಿ ಮಳೆ ಬೀಳುವುದರೊಳಗೆ ಅದನ್ನು ನಿಮ್ಮ ಕೈಯಾರೆ ಮಾಡಿ ನೋಡಿ.